ಅತ್ತೆ ಸೊಸೆಯ ನಡುವೆ ಕೆಂಪು ಗೆರೆ

"ನಿಮ್ಮ ಚಿತ್ರ ಸುಳ್ಳು ಹೇಳ್ತಿದೆ, ಮೇಡಂ!"

ಮುಖ ಪರಿಚಯವೂ ಇಲ್ಲದವನು ಬಾಗಿಲಲ್ಲಿ ನಿಂತು ಹೀಗಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಅವನು ಪಕ್ಕದ ಕೋಣೆಗೆ ಹೊಸದಾಗಿ ಬಂದ ನೆಟ್‌ವರ್ಕ್ ಎಂಜಿನಿಯರ್. ಒಂದೇ ದೊಡ್ಡ ಕಂಪ್ಯೂಟರಿನೊಳಗೆ ಹನ್ನೆರಡು ಅಣಕು ಕಂಪ್ಯೂಟರುಗಳ ಸಂಸಾರ ಹೂಡಿದ್ದ. ನೆನಪಿಡಲು ಸುಲಭವಾಗಲೆಂದು ಅವಕ್ಕೆ ಅಜ್ಜಿ, ಚಿಕ್ಕಪ್ಪ, ಅತ್ತೆ, ಸೊಸೆ ಎಂದೆಲ್ಲ ಹೆಸರಿಟ್ಟಿದ್ದ. ಯಾರಿಗೆ ಯಾರ ಜೊತೆ ಮಾತುಕತೆ ಇದೆ ಎಂದು ಪರದೆಯ ಮೇಲೆ ಬಿಂದು, ಗೆರೆಗಳ ಚಿತ್ರ ಬರೆದು ತೋರಿಸುವುದು ಅವಳ ಪ್ರೋಗ್ರಾಂನ ಕೆಲಸ. ಮಾತು ನಡೆದರೆ ಹಸಿರು, ನಿಂತರೆ ಕೆಂಪು.

ಮೂರು ಗಂಟೆಗೆ ಮೇಲಧಿಕಾರಿ ನೋಡಲು ಬರುವವರಿದ್ದರು. ಚಿತ್ರ ತಪ್ಪೆಂದಾದರೆ ಅವಳ ಕೆಲಸಕ್ಕೆ ಅಂದೇ ಕೊನೆ.

ಈಗ ನೋಡಿದರೆ ಅತ್ತೆ ಸೊಸೆಯ ನಡುವೆ ಕೆಂಪು ಗೆರೆ!

"ಅವರಿಬ್ಬರಿಗೂ ಆಗ್ಬರಲ್ಲ ಅಂತ ಲೋಕಕ್ಕೇ ಗೊತ್ತು," ಎಂದು ಸಿಡುಕಿದಳು.

"ತಮಾಷೆ ಬೇಡ. ಅತ್ತೆ ಕಳಿಸಿದ್ದು ಸೊಸೆಗೆ ಮುಟ್ಟಿದೆ. ನಾನೇ ಕಣ್ಣಾರೆ ನೋಡಿದೀನಿ."

ಹಾಗಾದರೆ ತಪ್ಪು ನನ್ನದೇನಾ...? ಎರಡು ವರ್ಷದ ದುಡಿಮೆ! ಅವನೆದುರು ಅಳಬಾರದೆಂದು ತುಟಿ ಕಚ್ಚಿಕೊಂಡು, ಆ ಒಂದು ಗೆರೆಯನ್ನು ಎರಡು ಬಾಣಗಳಾಗಿ ಒಡೆದಳು. ಹೋಗುವುದೊಂದು, ಬರುವುದೊಂದು.

ಹೋಗುವ ಬಾಣ ಹಸಿರು. ಬರುವ ಬಾಣ... ಕೆಂಪು!

"ನೋಡಿ! ಸೊಸೆ ಪಾಪ ಉತ್ತರ ಕೊಡ್ತಾನೇ ಇದಾಳೆ. ಅದು ವಾಪಸ್ ಬರೋಕೆ ನೀವು ದಾರಿನೇ ಹಾಕಿಲ್ಲ."

ಅವನ ಮುಖ ಪೆಚ್ಚಾಯಿತು. ಅಷ್ಟರಲ್ಲಿ ಮೇಲಧಿಕಾರಿ ಒಳಗೆ ಬಂದರು. ಇವನೀಗ ಬಾಯಿ ಮುಚ್ಚಿಕೊಂಡರೆ ನಾನು ಕೆಟ್ಟೆ, ಎಂದುಕೊಂಡಳು.

"ತಪ್ಪು ನನ್ನದು ಸರ್," ಎಂದ ಅವನು. "ಇವರ ಚಿತ್ರ ಇಲ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಹಾಗಾದ್ರೆ ಚಿತ್ರ ಇರ್ಲಿ, ಬರೆದವರೂ ಇರ್ಲಿ," ಎಂದು ಅವರು ನಕ್ಕು ಹೊರಟರು.

ಆಮೇಲೆ ಇಬ್ಬರದೂ ದಿನಾ ಜಗಳ. ಜಗಳವಿಲ್ಲದ ದಿನ ಅವಳಿಗೆ ಊಟವೇ ರುಚಿಸುತ್ತಿರಲಿಲ್ಲ. ಇದೇನಾಯ್ತು ನನಗೆ!

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಪರದೆಯ ಮೂಲೆಯಲ್ಲಿ ಎರಡು ಹೊಸ ಬಿಂದುಗಳಿದ್ದವು. ಒಂದರ ಹೆಸರು 'ನಾನು', ಇನ್ನೊಂದರದು 'ನೀವು'. ಹೋಗುವ ಬಾಣ ಹಸಿರು, ಬರುವುದು ಕೆಂಪು.

"ಮತ್ತೆ ಮರೆತ್ರಾ?" ಎಂದು ಬಾಗಿಲತ್ತ ತಿರುಗಿದಳು. ಅವನು ಅಲ್ಲೇ ನಿಂತಿದ್ದ.

"ಇಲ್ಲ... ನೀವಂದ್ರೆ ನನಗೆ ಪ್ರಾಣ. ನನ್ನ ಕಡೆಯಿಂದ ದಾರಿ ಹಾಕಿದೀನಿ. ಆ ಕಡೆಯದು ನಾನು ಹಾಕೋ ಹಾಗಿಲ್ಲ. ಅದು ನಿಮ್ಮಿಷ್ಟ."

ಅವಳು ಕಣ್ಣೊರೆಸಿಕೊಂಡು ಒಂದೇ ಒಂದು ಸಾಲು ಟೈಪ್ ಮಾಡಿದಳು. ಕೆಂಪು ಬಾಣ ಹಸಿರಾಯಿತು.

"ಮುಟ್ತಾ?"

"ಮುಟ್ತು, ಮೇಡಂ..."

"ಇನ್ನೂ ಮೇಡಂ ಅಂತೀಯಲ್ಲೋ!"