ಎದೆಯ ಮೇಲಿನ ಪಟ್ಟಿ

ಮೇಷ್ಟ್ರು ಸತ್ತಿದ್ದರು. ತುಟಿ ನೀಲಿಗಟ್ಟಿತ್ತು, ದಿಂಬಿನ ಮೇಲೆ ಹಲ್ಲಿನ ಗುರುತು. ಲೇಡಿ ಇನ್ಸ್‌ಪೆಕ್ಟರ್ ಬೆಚ್ಚಿಬಿದ್ದಳು. ಎರಡು ವರ್ಷದಿಂದ ಕಾಲಾಡದೆ ಹಾಸಿಗೆ ಹಿಡಿದ ಮುದುಕನನ್ನು ಕೊಲ್ಲುವ ಕಲ್ಲೆದೆ ಯಾರದ್ದಪ್ಪಾ!

ಮಗಳು ಹೆಣದ ಎದೆಯ ಮೇಲೆ ಬಿದ್ದು ಗೋಳಾಡುತ್ತಿದ್ದಳು. ಎದುರಿಗೇ ಅವಳ ಹೊಲಿಗೆ ಅಂಗಡಿ. ಸುದ್ದಿ ಕೇಳಿ ಬರಿಗಾಲಲ್ಲಿ ಓಡಿಬಂದಿದ್ದಳು.

ಮೇಷ್ಟ್ರನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಬಾಗಿಲ ಬಳಿ ನಿಂತಿದ್ದಳು. "ಅಜ್ಜ ಮಲಗಿದ್ದಾರೆ, ಎಬ್ಬಿಸಬೇಡ ಅಂತ ಹೇಳಿ ಅಕ್ಕ ಒಂಬತ್ತೂವರೆಗೆ ಅಂಗಡಿಗೆ ಹೋದ್ರು. ಹತ್ತು ನಲವತ್ತಕ್ಕೆ ಮಾತ್ರೆ ಕೊಡೋಕೆ ಹೋದ್ರೆ ಕೈಕಾಲು ತಣ್ಣಗಿತ್ತು ಮೇಡಂ. ತಕ್ಷಣ ಅಕ್ಕನಿಗೆ ಫೋನ್ ಮಾಡ್ದೆ."

"ಮನೇಲಿ ಬೇರೆ ಯಾರಿದ್ರು?"

"ನಾನೊಬ್ಳೇ."

* * *

ಮೇಷ್ಟ್ರ ಎದೆಗೆ ಬೆಂಕಿಪೊಟ್ಟಣದಷ್ಟು ಪಟ್ಟಿ ಅಂಟಿತ್ತು. ಹೃದಯ ಬಡಿದಾಗ ಎದೆ ಅಲುಗುತ್ತದಲ್ಲ, ಅದನ್ನು ಹಿಡಿದು ದಾಖಲಿಸುವ ಸೆನ್ಸರ್. ಆಸ್ಪತ್ರೆಯ ವರದಿ ಒಂದೇ ಸಾಲು: ಬಡಿತ ನಿಂತದ್ದು ಹತ್ತು ನಲವತ್ತಮೂರಕ್ಕೆ. ಅಂದರೆ ನರ್ಸ್ ಫೋನ್ ಮಾಡಿದಾಗ ಮೇಷ್ಟ್ರು ಬದುಕಿದ್ದರು!

"ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು ಮೇಡಂ. ಇವಳನ್ನ ಒಳಗೆ ಹಾಕೋಣ," ಎಂದ ಪೇದೆ.

"ನನ್ನ ಮಗು ಇನ್ನೂ ಹಾಲು ಬಿಟ್ಟಿಲ್ಲ ಮೇಡಂ," ಎಂದು ನರ್ಸ್ ಕಾಲಿಗೆ ಬಿದ್ದಳು.

ಇನ್ಸ್‌ಪೆಕ್ಟರಿಗೆ ಮನಸ್ಸು ಒಪ್ಪಲಿಲ್ಲ. ಮೊದಲು ಸಾವಿನ ಸುದ್ದಿ ಕೊಟ್ಟು ಆಮೇಲೆ ಯಾರಾದರೂ ಕೊಲ್ಲುತ್ತಾರೆಯೇ? ಆಸ್ಪತ್ರೆಯ ಟೆಕ್ನಿಶಿಯನ್ ಪಕ್ಕ ಹೋಗಿ ಕುಳಿತಳು. "ಬರೀ ಬಡಿತ ಬೇಡ. ಎದೆ ಅಲುಗಿದ್ದೆಲ್ಲ ತೋರಿಸಿ."

ಅವನು ಪರದೆ ನೋಡಿ ಹೌಹಾರಿದ. "ಒಂಬತ್ತೂ ಇಪ್ಪತ್ತಕ್ಕೆ ಪಟ್ಟಿ ಕಿತ್ತು ಮತ್ತೆ ಅಂಟಿಸಿದ್ದಾರೆ. ಆಮೇಲೆ ಇವರು ಎದ್ದು ಮೆಟ್ಟಿಲಿಳಿದಿದ್ದಾರೆ ಮೇಡಂ!"

"ಯಾರು, ಮೇಷ್ಟ್ರಾ?"

"ಆಮೇಲೆ ಕೂತಿದ್ದಾರೆ. ಒಂದೇ ಸಮನೆ ನಡುಕ. ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ಇದೇನೋ ಗೊತ್ತಾಗ್ತಿಲ್ಲ."

ಇನ್ಸ್‌ಪೆಕ್ಟರಿಗೆ ಗೊತ್ತಾಯಿತು. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದ ಮುಂದೆ, ಅಮ್ಮನ ಮಡಿಲಲ್ಲೇ ಅವಳು ಬೆಳೆದಿದ್ದಳು.

* * *

ಇನ್ಸ್‌ಪೆಕ್ಟರ್ ಹೊಲಿಗೆ ಅಂಗಡಿಗೆ ಬಂದು ಮಗಳ ಎದುರು ನಿಂತಳು. "ದಿಂಬು ಒತ್ತಿದಿರಿ. ಪಟ್ಟಿ ಕಿತ್ತು ನಿಮ್ಮ ಎದೆಗೆ ಅಂಟಿಸಿಕೊಂಡು ಇಲ್ಲಿಗೆ ಬಂದು ಹೊಲಿಯೋಕೆ ಕೂತಿರಿ. ಫೋನ್ ಬಂದ ಮೇಲೆ ಕಿತ್ತಿರಿ. ಹೆಣದ ಮೇಲೆ ಬಿದ್ದು ಅತ್ತಿದ್ದು ಅದನ್ನ ವಾಪಸ್ ಅಂಟಿಸೋಕೆ."

ಮಗಳ ಕಾಲು ಯಂತ್ರದ ಮೇಲೆ ನಿಂತಿತು. "ಅದು ಎದೆಬಡಿತ ಮಾತ್ರ ಕೇಳುತ್ತೆ ಅಂದ್ಕೊಂಡಿದ್ದೆ."

"ಹೆತ್ತ ಅಪ್ಪ ಕಣಮ್ಮಾ! ಯಾಕೆ?"

"ಎರಡು ವರ್ಷ ಅವರ ಹೇಲು ಉಚ್ಚೆ ಬಾಚಿದೋಳು ನಾನು. ಮೊನ್ನೆ ಮೊನ್ನೆ ಬಂದ ಆ ನರ್ಸ್ ಕೈ ಹಿಡ್ಕೊಂಡು, 'ನೀನೇ ನನ್ನ ಮಗಳು' ಅಂದ್ರು."

ಇನ್ಸ್‌ಪೆಕ್ಟರ್ ಪಟ್ಟಿಯ ದಾಖಲೆಯಿದ್ದ ಕಾಗದ ಬಿಚ್ಚಿ ಹತ್ತು ನಲವತ್ತರ ಮೇಲೆ ಬೆರಳಿಟ್ಟಳು.

"ಅಪ್ಪ ಹೋದ್ರು ಅಂತ ಫೋನ್ ಬಂದಾಗ ಪಟ್ಟಿ ನಿಮ್ಮ ಎದೆ ಮೇಲೇ ಇತ್ತು. ನೋಡಿ. ಒಂದು ಬಡಿತ ಕೂಡ ಹೆಚ್ಚಾಗಿಲ್ಲ."