ಕತ್ತರಿಸಿದ ಮೇಲೆ ಉಳಿದ ಮಾತು

"ಏನ್ರೀ ಆಪರೇಟ್ರೇ, ನನ್ ಗಂಡನ್ನ ಕತ್ತರಿಸಿ ಬಿಸಾಕಿದ್ರಂತೆ?"

ಬಂಗಾರಪೇಟೆಯ ಟೆಂಟ್ ಸಿನಿಮಾದ ಹಿಂದಿನ ತಗಡಿನ ಕೋಣೆ. ಅದರ ಬಾಗಿಲಲ್ಲಿ ಮಾರಿಯಮ್ಮ ನಿಂತಿದ್ದಳು. ಸೊಂಟದ ಮೇಲೆ ಸಂತೆಯಲ್ಲಿ ಕೊಂಡ ಕಡಲೆಕಾಯಿ ಮೂಟೆ, ಹಣೆಯಲ್ಲಿ ಬೆವರು, ಕಣ್ಣಲ್ಲಿ ಕೆಂಡ. ಒಳಗೆ ಬಲ್ಬಿನ ಕೆಳಗೆ ಕೂತಿದ್ದ ಆದಿನಾರಾಯಣನ ಒಂದು ಕೈಯಲ್ಲಿ ಫಿಲಂ, ಇನ್ನೊಂದರಲ್ಲಿ ಕತ್ತರಿ. ಹೀಗೆ ಸಿಕ್ಕಿಬಿದ್ದವನು ಏನು ಹೇಳಿದರೂ ಯಾರು ನಂಬುತ್ತಾರೆ ಹೇಳಿ!

"ಇನ್ನೂ ಇಲ್ಲ" ಎಂದ ಪಾಪ.

"ಇನ್ನೂ ಇಲ್ಲ ಅಂದ್ರೆ? ಊಟ ಆದ್ಮೇಲಾ?"

ಆದಿನಾರಾಯಣ ಕತ್ತರಿಯನ್ನು ಮೇಜಿನ ಮೇಲಿಟ್ಟ. ಬೆಳಗಿನಿಂದ ಅದನ್ನು ಎತ್ತುವುದು, ಇಡುವುದು, ಇದೇ ಆಗಿತ್ತು ಅವನ ಕೆಲಸ.

ಮಾರಿಯಮ್ಮನ ಗಂಡ ಕುಪ್ಪುಸ್ವಾಮಿ ಚಿನ್ನದ ಗಣಿಯ ಆಳದಲ್ಲಿ ಬಂಡೆಗೆ ಮರದ ಆಸರೆ ಕೊಡುವ ಕೆಲಸದವನು. ನೋಡಲು ಲಕ್ಷಣವಾಗಿದ್ದ, ಮಾತೂ ಚೆನ್ನಾಗಿತ್ತು. ಅದಕ್ಕೇ ಗಣಿಯ ಸೇಫ್ಟಿಯವರು ಕೂಲಿಗಳಿಗೆ ಬುದ್ಧಿ ಹೇಳುವ ಒಂದು ಪುಟ್ಟ ಫಿಲಂ ತೆಗೆಸಿ ಅದರಲ್ಲಿ ಅವನನ್ನು ನಿಲ್ಲಿಸಿದ್ದರು. ಟೋಪಿಯ ದೀಪ ಹೊತ್ತಿಸಿಕೊಂಡು, ಹಲ್ಲು ಬಿಟ್ಟು ನಗುತ್ತಾ, "ಜೋಪಾನ! ಬಂಡೆ ಸದ್ದು ಮಾಡಿದ್ರೆ ಮೊದ್ಲು ಹಿಂದಕ್ಕೆ ಬಾ, ಆಮೇಲೆ ಯೋಚ್ನೆ ಮಾಡು" ಎನ್ನುತ್ತಿದ್ದ. ಮರುವರ್ಷ ಆಳದಲ್ಲಿ ಬಂಡೆ ಸಿಡಿಯಿತು. ಹಿಂದಕ್ಕೆ ಬರಲು ಅವನಿಗೆ ಪುರುಸೊತ್ತೇ ಸಿಗಲಿಲ್ಲ. ಮೇಲಕ್ಕೆ ತಂದದ್ದನ್ನು ಬಟ್ಟೆ ಸುತ್ತಿಯೇ ಕೊಟ್ಟರು. ಮುಖ ನೋಡಬೇಡಮ್ಮಾ ಎಂದರು. ಮಾರಿಯಮ್ಮ ನೋಡಲಿಲ್ಲ.

ಆದರೆ ಫಿಲಂ ಓಡುತ್ತಲೇ ಇತ್ತು. ಪ್ರತಿ ಶನಿವಾರ ಕತ್ತಲಾಗುತ್ತಿದ್ದಂತೆ ಗಣಿ ಕೂಲಿಗಳ ಕೋರಮಂಡಲ್ ಲೈನುಮನೆಗಳ ನಡುವಿನ ಬಯಲಲ್ಲಿ ಪರದೆ ಕಟ್ಟಿ ಅದನ್ನು ತೋರಿಸುತ್ತಿದ್ದರು. ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಮೆಷಿನ್ ಓಡಿಸುವವನು ಆದಿನಾರಾಯಣ. ಮೆಷಿನ್ನಿನ ಪಕ್ಕದಲ್ಲೇ ಮಾರಿಯಮ್ಮನ ಹುರಿದ ಕಡಲೆಕಾಯಿ ಬುಟ್ಟಿ. ಪರದೆಯ ಮುಂದೆ ನೆಲದ ಮೇಲೆ ಅವಳ ಅತ್ತೆ ಅಮ್ಮಾಜಮ್ಮ. ಮಗ ಪರದೆಗೆ ಬಂದು ನಕ್ಕ ಕೂಡಲೇ ಮುದುಕಿ ಎದ್ದು ಅವನಿಗೆ ಕರ್ಪೂರ ಹಚ್ಚುತ್ತಿದ್ದಳು.

ಬಯಲೆಲ್ಲ ಪರದೆ ನೋಡುತ್ತಿದ್ದರೆ ಆದಿನಾರಾಯಣ ನೋಡುತ್ತಿದ್ದದ್ದು ಬುಟ್ಟಿಯ ಕಡೆ. ಮೆಷಿನ್ನಿನಿಂದ ಸೋರುವ ಬೆಳಕು ಅವಳ ಒಂದು ಕೆನ್ನೆಯ ಮೇಲೆ ಬೀಳುತ್ತಿತ್ತು. ಅಷ್ಟೇ ಸಾಕಾಗಿತ್ತು ಅವನಿಗೆ.

"ಗರಿಗರಿ ಬೇಕಾ ಆಪರೇಟ್ರೇ, ಮೆತ್ತಗಿರೋದು ಬೇಕಾ?" ಎಂದು ಅವಳು ಪೊಟ್ಟಣ ಕಟ್ಟುತ್ತಾ ಕೇಳುತ್ತಿದ್ದಳು.

"ನೀವು ಕೊಟ್ಟಿದ್ದು."

"ನಾನು ಸೀದೋಗಿರೋದು ಕೊಟ್ರೆ?"

"ತಿಂತೀನಿ."

"ಬಾಯಿ ಜೋರೈತೆ" ಎಂದು ಅವಳು ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಗಂಡ ಪರದೆಗೆ ಬರುವ ಹೊತ್ತಿಗೆ ಆ ನಗು ಆರಿಹೋಗುತ್ತಿತ್ತು.

ಒಂದು ಶನಿವಾರ ಧೈರ್ಯ ಮಾಡಿ ಕೇಳಿಯೇಬಿಟ್ಟ, ಕೂಡಿಕೆ ಆಗೋಣವಾ ಎಂದು. ಗಂಡ ಸತ್ತವಳು ಇನ್ನೊಬ್ಬನ ಜೊತೆ ಸಂಸಾರ ಹೂಡುವುದು ಅವರಿಬ್ಬರ ಜನದಲ್ಲೂ ಇದ್ದದ್ದೇ. ಮಾರಿಯಮ್ಮ ಕೋಪ ಮಾಡಲಿಲ್ಲ. "ವಾರವಾರ ಬಂದು ನನ್ ಮುಂದೆ ನಿಂತು ನಗ್ತಾನಲ್ಲ, ನಾನೆಂಗೆ ಇನ್ನೊಬ್ಬರ ಕೈ ಹಿಡೀಲಿ? ಅವನು ಬರೋದು ನಿಲ್ಸಿದ ದಿನ ಹೇಳ್ತೀನಿ" ಎಂದಳು.

ಅವತ್ತಿನಿಂದ ಆದಿನಾರಾಯಣನಿಗೆ ಸತ್ತವನ ಮೇಲೆ ಹೊಟ್ಟೆಕಿಚ್ಚು. ಅವನೇ ಕೈಯಾರೆ ಬಲ್ಬು ಹೊತ್ತಿಸಿ, ಫಿಲಂ ಏರಿಸಿ, ತನಗೆ ಸವತಿಯಾದವನನ್ನು ವಾರಕ್ಕೊಮ್ಮೆ ಬದುಕಿಸಬೇಕು. ಇಂಥ ಗ್ರಹಚಾರ ಯಾರಿಗೂ ಬೇಡ.

ಈಗ ನೋಡಿದರೆ ಗಣಿಯ ಗುಮಾಸ್ತ ಶ್ರೀನಿವಾಸಪ್ಪ ಬಂದು ಹೇಳಿ ಹೋಗಿದ್ದ: "ಆ ಕುಪ್ಪುಸ್ವಾಮೀನ ತೆಗೆದುಬಿಡಪ್ಪ. ಮುದುಕಿ ಕರ್ಪೂರ ಹಚ್ಚೋದ ನೋಡಿ ಜನಕ್ಕೆ ಕೆಳಗಿಳಿಯಕ್ಕೇ ಭಯ ಆಗೈತಂತೆ. ಶನಿವಾರದೊಳಗೆ ಆಗ್ಬೇಕು. ನಿನ್ ಕೈಲಾಗಲ್ಲ ಅಂದ್ರೆ ಮೆಷಿನ್ ಬೇರೆಯೋರಿಗೆ."

ಹಸಿದವನ ಮುಂದೆ ಎಲೆ ಹಾಸಿ ಬಡಿಸಿದ ಹಾಗಾಯಿತು. ಆದರೆ ತುತ್ತು ಒಳಗಿಳಿಯಲಿಲ್ಲ.

"ನಿಮ್ಗೆ ಅನುಕೂಲಾನೇ ಆಯ್ತಲ್ಲ" ಎಂದಳು ಮಾರಿಯಮ್ಮ, ಬಾಗಿಲಲ್ಲೇ ನಿಂತು.

"ಅದಕ್ಕೇ ಕೈ ಬತ್ತಾ ಇಲ್ಲ. ನಾನು ಕತ್ತರಿಸಿದ್ರೆ ನಾಳೆ ನನ್ ಮಖ ನೋಡ್ದಾಗೆಲ್ಲ ನಿಮ್ಗೆ ಕತ್ತರಿನೇ ಕಾಣ್ತದೆ."

"ಕತ್ತರಿಸ್ದೆ ಇದ್ರೆ?"

"ಬೇರೆ ಯಾವನೋ ಎಂಗೆಂಗೋ ಅರಿದು ಕಸಕ್ಕೆ ಆಕ್ತಾನೆ."

ಅವಳ ಕೆಂಡ ನಿಧಾನವಾಗಿ ಬೂದಿಯಾಯಿತು. ಮೂಟೆ ಇಳಿಸಿ ಒಳಗೆ ಬಂದಳು. "ತೋರಿಸಿ" ಎಂದಳು.

ಆದಿನಾರಾಯಣ ಫಿಲಮನ್ನು ಬಲ್ಬಿಗೆ ಅಡ್ಡ ಹಿಡಿದ. ಅವಳು ಬೆರಳು ಚಾಚಿದಳು.

"ಮಧ್ಯಕ್ಕೆ ಮುಟ್ಬೇಡಿ, ಬೆವರು ತಾಕಿದ್ರೆ ಕಲೆ ಬೀಳ್ತದೆ. ಅಂಚು ಇಡ್ಕೊಳ್ಳಿ."

ಉಗುರಿನಷ್ಟು ಚಿತ್ರಗಳು, ಒಂದರ ಕೆಳಗೊಂದು. ಎಲ್ಲದರಲ್ಲೂ ಕುಪ್ಪುಸ್ವಾಮಿ. "ಅಯ್ಯೋ ಸಾಮಿ, ಇಷ್ಟೊಂದ್ ಜನ ಆಗ್ಬಿಟ್ಟಿದಾನಾ?" ಎಂದಳು. ನಗಬೇಕೆಂದುಕೊಂಡಿದ್ದಳೋ ಏನೋ, ಕಣ್ಣು ತುಂಬಿತು. ಬಟ್ಟೆ ಸುತ್ತಿದ ಆ ದಿನ ನೋಡದೇ ಉಳಿದ ಮುಖವನ್ನು ಅವಳು ಒಂದೊಂದಾಗಿ ನೋಡಿದಳು. ಆದಿನಾರಾಯಣ ಕೈ ಸೋತರೂ ಅಲ್ಲಾಡಿಸಲಿಲ್ಲ.

ಆಮೇಲೆ ಅವಳು ಕಣ್ಣೊರೆಸಿಕೊಂಡು ಕೈ ನೀಡಿದಳು. "ಕತ್ತರಿ ಕೊಡಿ. ಮಣ್ಣಿಗೆ ಅವರಿವರು ಹಾಕಿದ್ರು. ಇದನ್ನಾದ್ರೂ ನಾನು ಮಾಡ್ತೀನಿ."

ಅವನು ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಎರಡು ಚಿತ್ರಗಳ ನಡುವಿನ ಗೆರೆಯ ಮೇಲೆ ಕತ್ತರಿ ಹಾಕಿದಳು. ಕಿಟ್ಟನೆ ಸದ್ದಾಯಿತು. ಇನ್ನೊಂದು ತುದಿಯಲ್ಲಿ ಇನ್ನೊಮ್ಮೆ. ಕುಪ್ಪುಸ್ವಾಮಿ ಸುರುಳಿಯಾಗಿ ಅವಳ ಮಡಿಲಿಗೆ ಬಿದ್ದ.

"ಈಗ ಉಳಿದಿದ್ದ ಸೇರಿಸ್ಬೇಕು. ಒಂದ್ ತುದಿ ಮೇಲಿರೋ ಚಿತ್ರಾನ ಬ್ಲೇಡಲ್ಲಿ ಕೆರೀರಿ. ಕೆರೀದೆ ಅಂಟು ಆಕಿದ್ರೆ ಇಡ್ಕೊಳ್ಳಲ್ಲ, ಮೆಷಿನ್ನಾಗೆ ಬಿಟ್ಕೊಳ್ತದೆ."

"ಎಷ್ಟು ಕೆರೀಬೇಕು?"

"ಬೆಳಕು ಕಾಣೋವರ್ಗೂ. ಜಾಸ್ತಿ ಕೆರೆದ್ರೆ ಅರಿದೋಗ್ತದೆ. ಅಂಟು ಬೇಗ ಒಣಗ್ತದೆ, ಅಚ್ಚಿದ್ ಮೇಲೆ ಯೋಚ್ನೆ ಮಾಡ್ತಾ ಕೂತ್ಕೋಬಾರ್ದು."

ಮಾರಿಯಮ್ಮ ತಲೆಯೆತ್ತಿ ಅವನನ್ನೊಮ್ಮೆ ನೋಡಿದಳು. ಬುಟ್ಟಿಯ ಹಿಂದಿನಿಂದ ನೋಡುತ್ತಿದ್ದ ಆ ತುಂಟ ನೋಟವಲ್ಲ, ಅಳೆದು ನೋಡುವ ನೋಟ. ಅಂಟು ಹಚ್ಚಿ ಒತ್ತಿದಳು. ಜರುಗದಿರಲೆಂದು ಅವಳ ಹೆಬ್ಬೆರಳ ಮೇಲೆ ಅವನು ತನ್ನದನ್ನಿಟ್ಟ. ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಅಂಟು ಒಣಗಿದ ಮೇಲೂ ಯಾರೂ ಕೈ ತೆಗೆಯಲಿಲ್ಲ.

ಕೊನೆಗೆ ಅವನೇ ಕೆಮ್ಮಿದ. "ಇನ್ನೊಂದೈತೆ. ಅಂಚಿನಾಗೆ ಈ ಗೆರೆ ನೋಡಿ, ಇದು ಮಾತು. ಮಾತು ಯಾವಾಗ್ಲೂ ಚಿತ್ರದಾಗಿರೋ ಆಳಿಗಿಂತ ಒಂದ್ ಗೇಣು ಮುಂದೆ ಇರ್ತದೆ. ಆಳು ಹೊಂಟೋದ್ರೂ ಅವನ ಮೊದಲ್ನೇ ಮಾತು ಈ ಕಡೆ ಉಳ್ಕೊಂಡೈತೆ. ಓಡಿಸಿದ್ರೆ ಕೇಳ್ತದೆ. ಕರಿ ಶಾಯಿ ಬಳಿದ್ರೆ ಮುಗೀತು."

ಶಾಯಿ ಬುಡ್ಡಿ ಮೇಜಿನ ಮೇಲೇ ಇತ್ತು. ಬಳಿ, ಬಳಿದುಬಿಡು ಎಂದು ಅವನೊಳಗೆ ಒಬ್ಬ ಕೂಗುತ್ತಿದ್ದ. ಬಾಯಿ ಮಾತ್ರ ಬಿಡಲಿಲ್ಲ.

"ಅತ್ತೆ ಕರ್ಪೂರ ತರ್ತಾಳೆ" ಎಂದಳು ಮಾರಿಯಮ್ಮ. "ಒಂದ್ ಮಾತಾದ್ರೂ ಕೇಳ್ಲಿ. ಇರ್ಲಿ ಬಿಡಿ." ಗಂಡನ ಸುರುಳಿಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಮೂಟೆ ಎತ್ತಿಕೊಂಡು ಹೋದಳು.

ಶನಿವಾರ ಬಯಲು ತುಂಬಿತ್ತು. ಅಮ್ಮಾಜಮ್ಮ ಅಂಗೈಯಲ್ಲಿ ಕರ್ಪೂರ ಹಿಡಿದು ಬೆಂಕಿಕಡ್ಡಿ ಗೀರಿದಳು. ಮಗ ಬರುವ ಹೊತ್ತಾಯಿತು. ಮಗ ಬರಲಿಲ್ಲ. ಅವನ ಬದಲು ಪರದೆಯ ಮೇಲೆ ಕೂಲಿಗಳನ್ನು ತುಂಬಿಕೊಂಡ ಕಬ್ಬಿಣದ ತೊಟ್ಟಿಲು ಗಣಿಯ ಬಾಯಿಗೆ ಇಳಿಯತೊಡಗಿತು.

"ಜೋಪಾನ!"

ಮುಖವಿಲ್ಲ, ನಗುವಿಲ್ಲ. ಇಳಿಯುವ ತೊಟ್ಟಿಲಿನ ಮೇಲೆ ಬರೀ ಆ ದನಿ. ಕಡ್ಡಿ ಬೆರಳ ತುದಿಗೆ ಬಂದು ಸುಟ್ಟರೂ ಮುದುಕಿಗೆ ತಿಳಿಯಲಿಲ್ಲ.

"ಡೇ ಕುಪ್ಪು, ಎಲ್ಲಿದ್ದೀಯಪ್ಪಾ?" ಎಂದು ಪರದೆಯ ಹಿಂದಕ್ಕೆ ಹೋಗಿ ಹುಡುಕಿದಳು.

ಶ್ರೀನಿವಾಸಪ್ಪ ದಡದಡನೆ ಬಂದ. "ಇದೇನಯ್ಯ? ಮೊದಲಿಗಿಂತ ಕೆಟ್ಟೋಯ್ತಲ್ಲ! ನಾಳೆನೇ ಅದನ್ನ ಅಳಿಸು. ಇಲ್ದಿದ್ರೆ ಮುಂದಿನ ವಾರ ನೀನು ಬರೋದೇ ಬೇಡ."

ಜನ ಕರಗಿದರು. ಮುದುಕಿಯನ್ನು ಯಾರೋ ಮನೆಗೆ ಕರೆದೊಯ್ದರು. ಆದಿನಾರಾಯಣ ಪರದೆ ಮಡಚುತ್ತಿದ್ದಾಗ ಮಾರಿಯಮ್ಮ ಬುಟ್ಟಿ, ಲಾಂದ್ರ ಹಿಡಿದು ಬಂದಳು.

"ಬಳಿದುಬಿಡಿ" ಎಂದಳು. "ಅವನು ಬರೋದು ನಿಂತ್ರೆ ಹೇಳ್ತೀನಿ ಅಂದಿದ್ನಲ್ಲ. ದನಿ ಇರೋವರ್ಗೂ ಬಂದಂಗೇ ಲೆಕ್ಕ. ಬಳಿದ್ರೆ ನಿಮ್ ಕೆಲ್ಸಾನೂ ಉಳೀತದೆ."

ಶಾಯಿ ಬುಡ್ಡಿ ಅವನ ಜೇಬಿನಲ್ಲೇ ಇತ್ತು, ಅವತ್ತಿನಿಂದ. ಅದನ್ನು ತೆಗೆದ. ಇಷ್ಟು ದಿನ ಬೇಡಿದ್ದು ಈಗ ಅಂಗೈಗೇ ಬಂದಿತ್ತು. ಬಿರಡೆ ಕಿತ್ತು, ಶಾಯಿಯನ್ನೆಲ್ಲ ಮಣ್ಣಿಗೆ ಸುರಿದುಬಿಟ್ಟ.

"ಏನ್ರೀ, ತಲೆ ಕೆಟ್ಟೈತಾ?"

"ಬಳಿಯೋನು ಯಾವನಾದ್ರೂ ಬಂದು ಬಳೀಲಿ. ಈ ಕೈಯಾಗೆ ಆಗಲ್ಲ" ಎಂದ. "ನಂಗೆ ನೀವು ಬೇಕು ಮಾರಿಯಮ್ಮ, ಸುಳ್ಳೇಳಲ್ಲ. ಅವನ ಬಾಯಿ ಮುಚ್ಚಿಸಿ ಬೇಡ. ಅವನೂ ಇರ್ಲಿ. ಪಕ್ಕದಾಗೆ ಜಾಗ ಇದ್ರೆ ಒಂದ್ ಮಾತೇಳಿ. ಇಲ್ದಿದ್ರೂ ಸರಿ."

ಮಾರಿಯಮ್ಮ ಮಣ್ಣಿಗೆ ಚೆಲ್ಲಿದ ಶಾಯಿಯನ್ನೇ ನೋಡುತ್ತಾ ನಿಂತಳು. ಮಾರಿಕುಪ್ಪಂ ಕಡೆಯಿಂದ ರೈಲು ಕೂಗಿತು. ಇನ್ನು ಶನಿವಾರದ ಕೆಲಸವಿಲ್ಲ, ಈ ಬಯಲಿಗೆ ಬರಲು ನೆಪವೂ ಇಲ್ಲ. ಆದಿನಾರಾಯಣ ಮೆಷಿನ್ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಗಣಿಮಣ್ಣಿನ ಗುಡ್ಡೆಯ ಪಕ್ಕದ ಕಲ್ಲುದಾರಿ ಹಿಡಿದ. ಕತ್ತಲಲ್ಲಿ ಕಾಲಿಗೆ ಕಲ್ಲು ಸಿಕ್ಕಿ ಮುಗ್ಗರಿಸಿದ.

"ಜೋಪಾನ!"

ಅವನು ಗಕ್ಕನೆ ನಿಂತ. ಹಿಂದಿರುಗಿ ನೋಡಿದ. ಬುಟ್ಟಿಯನ್ನು ಅಲ್ಲೇ ಬಿಟ್ಟು, ಲಾಂದ್ರ ಎತ್ತಿ ಹಿಡಿದು ಮಾರಿಯಮ್ಮ ಅವನ ಹಿಂದೆಯೇ ಬರುತ್ತಿದ್ದಳು. ಅಳುತ್ತಿದ್ದಳು. ಈ ಸಲ ಆ ಮಾತಿಗೆ ಮುಖವಿತ್ತು.