ಹಸಿರು ಟೇಪಿನ ವೈರು

"ಈ ಮಾನಿಟರ್ ನಿಧಾನ ಇದೆ ರೀ."

"ಮಾನಿಟರ್ ಅಲ್ಲ, ನಿಮ್ಮ ಕೈ ನಿಧಾನ ಇದೆ!"

ಅವರಿಬ್ಬರ ನಡುವಿನ ಮೊದಲ ಮಾತೇ ಇದು. ಶುರುವಾದದ್ದೇ ಜಗಳದಿಂದ!

ಗೇಮಿಂಗ್ ಹಾಲ್ ತುಂಬ ಜನ. ಇಪ್ಪತ್ತು ಮೇಜು, ಇಪ್ಪತ್ತು ಕನ್ಸೋಲು, ನಲವತ್ತು ಮಾನಿಟರು. ಒಂದೊಂದು ಕನ್ಸೋಲಿನ ಚಿತ್ರವನ್ನೂ ಎರಡಾಗಿ ಕವಲೊಡೆಸಿ, ಎದುರುಬದುರು ಕೂತ ಇಬ್ಬರ ಮಾನಿಟರಿಗೂ ಜೋಡಿಸುವುದು ಅವಳ ಕೆಲಸ. ಹಾಲಿನಲ್ಲಿ ಎಲ್ಲರೂ ಅವಳನ್ನು ವೈರಮ್ಮ ಎಂದೇ ಕರೆಯುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು, ಪಾಪ.

ಅವನು ಆಡಲು ಬಂದವನು, ಬೇಕರಿಯಲ್ಲಿ ಕೆಲಸ ಮಾಡುವವನು. ಅಂಗಿಯ ತೋಳಿಗೆ ಇನ್ನೂ ಮೈದಾ ಅಂಟಿತ್ತು. ಅವನು ಮೇಜಿನ ಹಿಂದೆ ಬಗ್ಗಿ, ವೈರುಗಳ ನಡುವಿನಿಂದ ಒಂದು ಕಪ್ಪು ಡಬ್ಬಿ ಎಳೆದು ತೋರಿಸಿದ.

"ಇದು ಇಲ್ಲಿ ಯಾಕಿದೆ?"

ಅದು ಹಳೆಯ ಕನ್ಸೋಲುಗಳ ಚಿತ್ರವನ್ನು ಹೊಸ ಮಾನಿಟರಿಗೆ ಹೊಂದಿಸುವ ಡಬ್ಬಿ. ಚಿತ್ರವನ್ನು ಒಂದು ಕ್ಷಣ ಹಿಡಿದಿಟ್ಟುಕೊಂಡು ಮುಂದೆ ಬಿಡುತ್ತದೆ. ನೀವು ಗುಂಡಿ ಒತ್ತಿದ ಮೇಲೆ ತಡವಾಗಿ ಏಟು ಕಾಣುತ್ತದೆ. ಹೊಡೆದಾಟದ ಆಟದಲ್ಲಿ ಅಷ್ಟು ತಡವಾದರೆ ಮುಗಿಯಿತು. ನಿನ್ನೆ ಹಳೆಯ ಕನ್ಸೋಲಿಗೆ ಹಾಕಿದ್ದ ಡಬ್ಬಿಯನ್ನು ತೆಗೆಯಲು ಅವಳೇ ಮರೆತಿದ್ದಳು.

ಹಾಲಿನ ಯಜಮಾನರು ಓಡಿ ಬಂದರು.

"ಏನಮ್ಮಾ, ನಿನ್ನನ್ನ ಇಲ್ಲಿ ಇಟ್ಟುಕೊಂಡಿರೋದು ಅಲಂಕಾರಕ್ಕಾ?"

ಇಡೀ ಹಾಲ್ ನಕ್ಕಿತು. ಅವಳು ಕಣ್ಣೀರು ನುಂಗಿಕೊಂಡು ಡಬ್ಬಿ ಕಿತ್ತಳು. ಅವನು ಮತ್ತೆ ಎರಡು ನಿಮಿಷ ಗುಂಡಿಗಳನ್ನು ಒತ್ತಿ ನೋಡಿ, 'ಸೆಟ್ ಸರಿ ಇದೆ' ಎಂಬ ಕಾಗದಕ್ಕೆ ಸಹಿ ಹಾಕಿದ. ಪ್ರತಿ ಆಟಕ್ಕೂ ಮೊದಲು ಆಟಗಾರ ಹೀಗೆ ಸಹಿ ಹಾಕಲೇಬೇಕು. ಹಾಕಿದ ಮೇಲೆ ಸೋತರೆ ಯಾವ ನೆಪವೂ ನಡೆಯುವುದಿಲ್ಲ.

ಮರುದಿನ ಅವಳ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಒಂದು ಬನ್ನು ಇತ್ತು.

'ಮುಟ್ಟಲ್ಲ ನಾನು!' ಎಂದುಕೊಂಡಳು. ಮಧ್ಯಾಹ್ನ ಹಸಿವಾದಾಗ ಮಾನಿಟರುಗಳ ಹಿಂದೆ ನಿಂತು ಪೂರ್ತಿ ತಿಂದಳು. ಅಂದಿನಿಂದ ಅವನ ಹೆಸರು ಬನ್ನು.

ಎಂಟು ತಿಂಗಳು ಹೀಗೇ ಕಳೆಯಿತು. ಬೇಕರಿ ಕೆಲಸ ಮುಗಿಸಿ ಅವನು ಸಂಜೆ ಹಾಲಿಗೆ ಬರುವನು. ಅವಳು ಜೋಡಿಸುವಳು, ಅವನು ಒತ್ತಿ ನೋಡುವನು.

"ಇದು ಸರಿ. ಇದೂ ಸರಿ. ಇದು ಸ್ವಲ್ಪ ಎಳೀತಿದೆ ನೋಡು..."

ಅವನು ಹೇಳಿದ್ದು ಒಮ್ಮೆಯೂ ತಪ್ಪಾಗಲಿಲ್ಲ. ಒಲೆಯ ತಟ್ಟೆ ತಾಗಿ ಸುಟ್ಟ ಆ ಬೆರಳುಗಳನ್ನು ಅವಳು ಕದ್ದು ಕದ್ದು ನೋಡುತ್ತಿದ್ದಳು. ಯಾರೋ ಅವಳ ವೈರುಗಳನ್ನು ಎತ್ತಿಕೊಂಡು ಹೋಗುತ್ತಾರೆ ಎಂದು ಒಂದು ದಿನ ಗೋಳಾಡಿದ್ದಕ್ಕೆ, ಅವನು ಬೇಕರಿಯಿಂದ ಹಸಿರು ಟೇಪಿನ ಸುರುಳಿ ತಂದುಕೊಟ್ಟ.

"ತುದಿಗೆ ಸುತ್ತಿಡು. ನಿನ್ನದು ಅಂತ ಗೊತ್ತಾಗುತ್ತೆ."

ಪ್ರೀತಿ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ ಎಂದುಕೊಂಡಿದ್ದಳು ಅವಳು.

ವರ್ಷದ ಪಂದ್ಯಾವಳಿಯ ಫೈನಲ್ ಹತ್ತಿರ ಬಂತು, ಬನ್ನು ಅದಕ್ಕೆ ತಲುಪಿದ್ದ. ಗೆದ್ದವನಿಗೆ ದೊಡ್ಡ ತಂಡದಲ್ಲಿ ಜಾಗ. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತದೆ, ಅವನಿಗೆ ಇದೇ ಕೊನೆಯ ಸಲ. ಅವಳಿಗೂ ಒಂದು ಆಸೆ ಇತ್ತು. ವೇದಿಕೆಯ ಮೇಲಿನ ಆ ಒಂದೇ ಒಂದು ಮೇಜನ್ನು ತಾನೇ ಜೋಡಿಸಬೇಕು!

ಮೂರು ದಿನ ಮೊದಲು ಯಜಮಾನರು ಎಲ್ಲರೆದುರೇ ಹೇಳಿದರು, "ವೇದಿಕೆಗೆ ನೀನು ಬೇಡ. ಆ ಬನ್ನು ಬರೆದುಕೊಟ್ಟಿದ್ದಾನೆ. ನೀನು ಅವನ ಮೇಜು ಮುಟ್ಟಬಾರದಂತೆ."

"ಏ... ಏನಂತ ಬರೆದಿದ್ದಾನೆ ಸಾರ್?"

"ಅದೆಲ್ಲ ನಿನಗ್ಯಾಕೆ? ಹೋಗು, ವೈರು ಸುತ್ತು."

ಯಾರೋ ಕಿಸಕ್ಕೆಂದರು. ಅವಳ ಮೈಯೆಲ್ಲ ಉರಿಯಿತು. ಎಂಟು ತಿಂಗಳು ನಗುನಗುತ್ತಾ ಮಾತಾಡಿ, ಬೆನ್ನ ಹಿಂದೆ ಹೀಗೆ ಬರೆದುಕೊಟ್ಟನೇ?

ಅಂದು ಸಂಜೆ ಅವನು ಎಂದಿನಂತೆ ನಗುತ್ತಾ ಬಂದ.

"ನಿನಗೊಂದು ವಿಷಯ ಹೇಳಬೇಕು. ಫೈನಲ್ ಮುಗೀಲಿ, ಆಮೇಲೆ ಹೇಳ್ತೀನಿ."

"ಮುಗೀಲಿ," ಎಂದಳು ಅವಳು. ಆ ಒಂದು ಮಾತಿನಲ್ಲಿದ್ದ ವಿಷ ಅವನಿಗೆ ತಿಳಿಯಲಿಲ್ಲ.

ಫೈನಲ್ ದಿನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವಳು ವೇದಿಕೆ ಹತ್ತಿದಳು. ಅವನು ಕೂರುವ ಕಡೆಯ ಮಾನಿಟರಿನ ಹಿಂದೆ ಒಂದು ಹೊಸ ಡಬ್ಬಿ ಸೇರಿಸಿದಳು. ಇದರ ತಡ ತೀರಾ ಸಣ್ಣದು, ಕಣ್ಣು ಮಿಟುಕಿಸುವಷ್ಟೂ ಇಲ್ಲ.

'ಡಬ್ಬಿ ಇದೆ ಅಂತ ಅವನಿಗೆ ಗೊತ್ತಾಗಬಾರದು. ತನ್ನ ಕೈಯೇ ಕೆಟ್ಟಿತು ಅಂದುಕೊಳ್ಳಬೇಕು. ಜೀವನಪೂರ್ತಿ ಅಂದುಕೊಳ್ಳಬೇಕು!'

ಹೌದು, ಅಷ್ಟು ಕ್ರೂರವಾಗಿಯೇ ಯೋಚಿಸಿದಳು. ಅವಳನ್ನು ಒಳ್ಳೆಯವಳೆಂದು ತೋರಿಸಲು ನಾನೇನೂ ಮುಚ್ಚಿಡುವುದಿಲ್ಲ.

ಆಟ ಶುರುವಾದಾಗ ಅವಳು ಜನರ ಹಿಂದೆ, ಬಾಗಿಲ ಬಳಿ ನಿಂತಿದ್ದಳು. ದೊಡ್ಡ ಪರದೆಯಲ್ಲಿ ಅವನ ಪೈಲ್ವಾನ ಏಟಿನ ಮೇಲೆ ಏಟು ತಿನ್ನುತ್ತಿದ್ದ. ತಡೆಯಬೇಕಾದಾಗ ತಡೆಯಲಿಲ್ಲ, ಹೊಡೆಯಬೇಕಾದಾಗ ಹೊಡೆಯಲಿಲ್ಲ. ಒಂದು ಸುತ್ತು, ಎರಡು ಸುತ್ತು... ಏಳೂ ಸುತ್ತು ಸೋತ.

"ಬನ್ನು ಹಳಸಿದೆ, ಎಸೀರೋ!" ಎಂದು ಒಬ್ಬ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು.

ಅವನು ವೇದಿಕೆಯಿಂದ ಇಳಿದು ನೇರವಾಗಿ ಅವಳ ಪಕ್ಕದಲ್ಲೇ ಹಾದುಹೋದ. ಒಂದು ಕ್ಷಣ ನಿಂತ.

"ನಿನ್ನ ವೈರು ಮರೀಬೇಡ," ಎಂದು ಹೇಳಿ ಹೊರಟುಹೋದ.

ಏನೆಂದು ಅವಳಿಗೆ ಅರ್ಥವಾಗಲಿಲ್ಲ.

ಹಾಲ್ ಖಾಲಿಯಾದ ಮೇಲೆ, ಆಟಗಾರರ ಕಾಗದಪತ್ರ ನೋಡಿಕೊಳ್ಳುವ ಅಕ್ಕ ಅವಳ ಭುಜ ತಟ್ಟಿದಳು.

"ಏನೇ ವೈರಮ್ಮ, ನಿನ್ನ ಮದುವೆ ಗಂಡು ಹೀಗಾ ಸೋಲೋದು?"

"ಯಾವ ಮದುವೆ ಗಂಡು ಅಕ್ಕಾ?"

"ಅಯ್ಯೋ, ಅವನಿನ್ನೂ ಹೇಳೇ ಇಲ್ವಾ?"

ಅಕ್ಕ ಫೈಲಿನಿಂದ ಒಂದು ಹಾಳೆ ತೆಗೆದಳು. 'ಕೆಲಸಗಾರರಲ್ಲಿ ಯಾರಾದರೂ ನಿಮಗೆ ಸಂಬಂಧಪಟ್ಟವರಿದ್ದಾರೆಯೇ? ಇದ್ದರೆ ಅವರು ನಿಮ್ಮ ಸೆಟ್ ಮುಟ್ಟುವಂತಿಲ್ಲ' ಎಂದಿತ್ತು. ಅದರ ಕೆಳಗೆ ಅವನ ಗುಂಡು ಗುಂಡಾದ ಅಕ್ಷರ...

'ಹೌದು. ವೈರು ಜೋಡಿಸುವವಳು. ನಾನು ಮದುವೆಯಾಗಬೇಕು ಎಂದುಕೊಂಡಿರುವವಳು. ಅವಳಿಗೆ ಇನ್ನೂ ಹೇಳಿಲ್ಲ. ದಯವಿಟ್ಟು ನೀವೂ ಹೇಳಬೇಡಿ.'

ಯಜಮಾನರು ಇದನ್ನು ಓದಿಯೇ ಅಷ್ಟು ಜನರೆದುರು ಹಾಗೆ ಹೇಳಿದ್ದರು! ಬೇಕೆಂದೇ!

"ಇವತ್ತು ಅವನಿಗೆ ಏನಾಗಿತ್ತೋ," ಎಂದು ಅಕ್ಕ ಮುಂದುವರಿಸಿದಳು. "ಗುಂಡಿ ಒತ್ತಿ ನೋಡಿದ ಕೂಡಲೇ ಮುಖ ಬದಲಾಯ್ತು ಕಣೇ. ಎದ್ದು ಮಾನಿಟರ್ ಹಿಂದೆ ಬಗ್ಗಿ ನೋಡಿದ. ತೊಂದರೆ ಇದೆಯಾ ಅಂದೆ. ಸುಮಾರು ಹೊತ್ತು ಸುಮ್ಮನಿದ್ದು, ಇಲ್ಲ ಅಕ್ಕಾ ಅಂದ. ಸಹಿ ಹಾಕಿದ."

ಅವಳು ವೇದಿಕೆಗೆ ಓಡಿದಳು. ಡಬ್ಬಿಗೆ ಸಿಕ್ಕಿಸಿದ್ದ ವೈರಿನ ತುದಿಯಲ್ಲಿ ಹಸಿರು ಟೇಪು ಸುತ್ತಿತ್ತು. ಅಭ್ಯಾಸಬಲದಿಂದ ತನ್ನದೇ ವೈರು ಹಾಕಿದ್ದಳು! ಅವನಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾಗಿಯೇ ಅಷ್ಟು ಹೊತ್ತು ಕೂತು ಏಟು ತಿಂದಿದ್ದ.

ಅವಳು ಡಬ್ಬಿಯನ್ನೂ ವೈರನ್ನೂ ಹಿಡಿದು ಯಜಮಾನರ ಮುಂದೆ ನಿಂತಳು.

"ನಾನೇ ಹಾಕಿದ್ದು ಸಾರ್. ಆಟ ಮತ್ತೆ ಆಡಿಸಿ. ದಮ್ಮಯ್ಯ..."

"ಅವನೇ ಸರಿ ಇದೆ ಅಂತ ಸಹಿ ಹಾಕಿದ ಮೇಲೆ ಮುಗೀತು. ಗೆದ್ದವನ ಹೆಸರು ಆಗಲೇ ಹೋಗಿದೆ." ಅವರು ಬಾಗಿಲ ಕಡೆ ಕೈ ತೋರಿಸಿದರು. "ನೀನು ನಾಳೆಯಿಂದ ಬರಬೇಡ."

ಅವನಿಗೆ ಕಿಂಚಿತ್ತೂ ಉಪಯೋಗವಾಗಲಿಲ್ಲ. ಅವಳ ಕೆಲಸ ಮಾತ್ರ ಹೋಯಿತು.

ಮರುದಿನ ಬೇಕರಿಯ ಸಾಲಿನಲ್ಲಿ ನಿಂತಳು.

"ಏನು ಬೇಕು?" ಎಂದ, ಮುಖ ನೋಡದೆ.

"ನಾನೇ ಮಾಡಿದ್ದು..."

"ಗೊತ್ತು. ಮುಂದಿನವರು ಬನ್ನಿ."

ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು. ಮತ್ತೆ "ಮುಂದಿನವರು ಬನ್ನಿ." ಮೂರನೆಯ ಸಲ ಅವಳಿಗೆ ತಡೆಯಲಾಗಲಿಲ್ಲ.

"ಯಾಕೆ ಸಹಿ ಹಾಕಿದೆ? ನನ್ನ ಕೆಲಸ ಉಳಿಸೋಕಾ?"

ಅವನು ಮೊದಲ ಬಾರಿ ತಲೆ ಎತ್ತಿದ. ಆ ಕಣ್ಣುಗಳಲ್ಲಿ ಕರುಣೆ ಇರಲಿಲ್ಲ.

"ಅಷ್ಟು ದೊಡ್ಡ ಮನುಷ್ಯ ಅಲ್ಲ ನಾನು. ಸಿಟ್ಟಲ್ಲಿ ಹಾಕಿದೆ. ಕೈ ಎತ್ತಿದ್ರೆ ಎರಡು ನಿಮಿಷದಲ್ಲಿ ಸರಿ ಹೋಗ್ತಿತ್ತು. ನೀನು ಬೈಸಿಕೊಂಡು, ಅತ್ತು, ಮರೆತುಬಿಡ್ತಿದ್ದೆ. ನೀನು ಮರೀಬಾರದು ಅಂತಲೇ ಸೋತೆ."

ಅವಳು ಸಾಲು ಬಿಟ್ಟು ಹೊರಬಂದಳು.

ಒಂಬತ್ತು ದಿನ ಅವಳು ತಾನಿದ್ದ ಸ್ವಂತ ಅಕ್ಕ-ಭಾವನ ಮನೆಯ ಕೋಣೆ ಬಿಟ್ಟು ಹೊರಬರಲಿಲ್ಲ. "ಊಟಕ್ಕಾದರೂ ಬಾರೇ," ಎಂದು ಅಕ್ಕ ಕರೆದರೆ ಗೋಡೆ ಕಡೆ ತಿರುಗಿ ಮಲಗುವಳು.

ಹತ್ತನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅವನು! ಒಂದು ಕಂಕುಳಲ್ಲಿ ಬೇಕರಿಯ ರಟ್ಟಿನ ಪೆಟ್ಟಿಗೆ, ಇನ್ನೊಂದರಲ್ಲಿ ಮಾನಿಟರು.

"ನಿನ್ನ ಭಾವನ ಕಂಪ್ಯೂಟರ್ ಇದೆ ಅಂತಿದ್ದೆಯಲ್ಲ, ಎಲ್ಲಿದೆ?"

ಅವಳು ಮೇಜು ತೋರಿಸಿದಳು. ಅವನು ಪೆಟ್ಟಿಗೆಯಿಂದ ಕನ್ಸೋಲು ತೆಗೆದಿಟ್ಟ. ಆಮೇಲೆ ಅದೇ ಜಾತಿಯ ಒಂದು ಕಪ್ಪು ಡಬ್ಬಿ.

"ಕನ್ಸೋಲನ್ನ ಭಾವನ ಮಾನಿಟರ್‌ಗೂ ನಾನು ತಂದಿರೋ ಇದಕ್ಕೂ ಜೋಡಿಸು. ಡಬ್ಬಿ ನಿನ್ನ ಕಡೆಗೆ."

ಅವಳು ಜೋಡಿಸಿದಳು. ಆಟ ಶುರುವಾಯಿತು. ಅವಳು ತಡೆಯುವ ಗುಂಡಿ ಒತ್ತುವಳು, ಏಟು ಬಿದ್ದ ಮೇಲೆ ಪರದೆಯಲ್ಲಿ ಅವಳ ಪೈಲ್ವಾನನ ಕೈ ಮೇಲೇಳುವುದು! ಒತ್ತಿದ್ದು ತಾನೋ ಅಲ್ಲವೋ ಎಂದು ತನ್ನ ಬೆರಳುಗಳ ಮೇಲೇ ಅನುಮಾನ ಬಂತು. ಅವನು ಒಂದೇ ಒಂದು ಏಟನ್ನೂ ಬಿಟ್ಟುಕೊಡಲಿಲ್ಲ. ಏಳೂ ಸುತ್ತು ಸೋತಳು.

ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಅಷ್ಟು ಜನರ ಮುಂದೆ... ಹೀಗೆ ಕೂತಿದ್ಯಾ ನೀನು?"

"ಹೂಂ."

"ನಾನೂ ನಕ್ಕೆ..."

"ಕೇಳಿಸ್ತು."

ಅವಳು ಡಬ್ಬಿಯ ಕಡೆ ನೋಡಿದಳು.

"ಸಿಟ್ಟು ಇನ್ನೂ ಇದೆಯಾ?"

"ಇದೆ. ಬಹಳ ದಿನ ಇರುತ್ತೆ. ತಂಡದ ಜಾಗ ಇನ್ನು ಬರಲ್ಲ ಅಲ್ವಾ."

ಅವಳು ತಲೆ ತಗ್ಗಿಸಿದಳು. ಕೇಳಲು ಅರ್ಹತೆ ಇಲ್ಲವೆಂದು ಗೊತ್ತಿದ್ದೂ ಕೇಳಿದಳು.

"ಆ ಇನ್ನೊಂದು ಕಾಗದ... ನನ್ನ ಬಗ್ಗೆ ಬರೆದದ್ದು... ಅದು?"

ಅವನು ಸುಟ್ಟ ಬೆರಳುಗಳಿಂದ ಅವಳ ಕಣ್ಣೊರೆಸಿದ. ಬೆರಳು ಒರಟಾಗಿತ್ತು, ಮೈದಾ ವಾಸನೆ ಬರುತ್ತಿತ್ತು.

"ಸಿಟ್ಟಲ್ಲಿ ಸಹಿ ಹಾಕಿದ್ದು ಒಂದೇ ಕಾಗದಕ್ಕೆ ಕಣೇ. ಅದಕ್ಕಲ್ಲ."

ಅವಳು ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದು ಆಟ?" ಎಂದ.

"ಡಬ್ಬಿ ಯಾರ ಕಡೆ?"

"ನಿನ್ನ ಕಡೆನೇ!"

"ಸರಿ," ಎಂದು ಅವಳು ಕಣ್ಣೀರಿನಲ್ಲೇ ನಕ್ಕು, ಸೋಲಲು ಕೂತಳು.